ಹಗ್ಗದ ಹೊಣೆ ಎಲ್ಲಿಯವರೆಗೆ ನಮ್ಮದು

ಹಗ್ಗದ ಸುರುಳಿಗೆ ಗೋಣಿ ಸುತ್ತಿ ದಬ್ಬಳದಿಂದ ಹೊಲಿಯುತ್ತಿದ್ದೆ. ಎದುರಿಗೆ ಅತ್ತಿಗೆ ಗೋಣಿಯ ಅಂಚನ್ನು ಮೊಣಕಾಲಲ್ಲಿ ಒತ್ತಿ ಹಿಡಿದಿದ್ದಳು. ಇಂಥ ನಲವತ್ತು ಸುರುಳಿ, ಮೂರು ತಿಂಗಳು ಹೊಸೆದದ್ದು. ನಮ್ಮ ಹೆಂಗಸರ ಸಂಘವನ್ನು ಹುಡುಕಿಕೊಂಡು ಹೊರದೇಶದಿಂದ ಬಂದ ಮೊದಲ ಬೇಡಿಕೆ ಅದು.

ಆದರೆ ಕೊಳ್ಳುವವರ ಕಾಗದಕ್ಕೆ ನಮ್ಮ ಉತ್ತರ ಮೂರು ವಾರದಿಂದ ಗೂಡಿನಲ್ಲೇ ಕೂತಿತ್ತು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಾನೇ ಸಂಘದ ಪತ್ರ ಬರೆಯುವವಳು. ಯಾವ ಷರತ್ತಿನ ಮೇಲೆ ಸರಕು ಕಳಿಸುತ್ತೀರಿ ಎಂದು ಅವರು ಕೇಳಿದ್ದರು. ಅಲ್ಲಿ ನನ್ನ ಕೈ ತಡೆದಿತ್ತು. ಈ ವಾರ ಉತ್ತರ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮತ್ತೆ ಬರೆದಿದ್ದರು.

ಅತ್ತಿಗೆಗೆ ಅದೊಂದು ಪ್ರಶ್ನೆಯೇ ಅಲ್ಲ. ಮೂವತ್ತು ವರ್ಷದಿಂದ ನಾವು ಹಗ್ಗವನ್ನು ಕೊಂಡವರ ಬಾಗಿಲಿಗೇ ಒಯ್ದು, ಅವರೆದುರು ಜಗ್ಗಿ ತೋರಿಸಿ ಬರುವವರು.

"ಬಾಗಿಲಿಗೇ ಮುಟ್ಟಿಸ್ತೀವಿ ಅಂತ ಬರಿ. ಊರಿಗೊಂದು ಮಾತು, ಹೊರದೇಶಕ್ಕೊಂದು ಮಾತಾ?"

ನಾನು ಹಾಗೇ ಬರೆದಿಟ್ಟಿದ್ದೆ. ಆದರೂ ಕಳಿಸಲು ಧೈರ್ಯ ಸಾಲಲಿಲ್ಲ. ಕೊನೆಗೆ ಪಕ್ಕದ ಮನೆಯ ಚೀಟಿಯಕ್ಕನನ್ನು ಕರೆದೆ. ಬಂದರಿನಲ್ಲಿ ಇಪ್ಪತ್ತು ವರ್ಷ ಸರಕಿನ ಚೀಟಿ ಬರೆದವಳು, ಅದಕ್ಕೇ ಆ ಹೆಸರು. ಪತ್ರ ಓದಿ ಅವಳು ನಗಲಿಲ್ಲ.

"ಇದಕ್ಕೆ ಡಿಡಿಪಿ ಅಂತಾರೆ. ಹಡಗಿನ ಬಾಡಿಗೆ, ಅವರ ದೇಶದ ಸುಂಕ, ಅಲ್ಲಿನ ಲಾರಿ, ದಾರೀಲಿ ಕೆಟ್ಟರೆ ನಷ್ಟ, ಎಲ್ಲಾ ನಿಮ್ಮ ತಲೆ ಮೇಲೆ. ಒಂದೇ ಬೇಡಿಕೆಗೆ ಸಂಘ ಮುಳುಗುತ್ತೆ."

ಹಾಗಾದರೆ ಅವರೇ ಬಂದು ನಮ್ಮ ಅಂಗಳದಿಂದ ಹೊತ್ತುಕೊಂಡು ಹೋಗಲಿ ಎಂದು ಅತ್ತಿಗೆ ಮುಖ ತಿರುಗಿಸಿದಳು. ಅದಕ್ಕೂ ಒಂದು ಹೆಸರಿದೆ, ಎಕ್ಸ್‌ವರ್ಕ್ಸ್. ಆದರೆ ಇಲ್ಲಿನ ಕಾಗದಪತ್ರ ದೂರದವರಿಗೆ ತಲೆನೋವು ಎಂದಳು ಚೀಟಿಯಕ್ಕ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಎಫ್‌ಒಬಿ ಎಂದರೆ, ನಮ್ಮ ಕಡೆಯ ಬಂದರಿನಲ್ಲಿ ಸರಕು ಹಡಗಿನ ಮೇಲೆ ಏರುವವರೆಗೆ ಖರ್ಚೂ ಹೊಣೆಯೂ ನಮ್ಮದು, ಏರಿದ ಮೇಲೆ ಅವರದು. ಸಿಐಎಫ್ ಎಂದರೆ, ಅವರ ಬಂದರಿನವರೆಗೆ ಬಾಡಿಗೆ ಮತ್ತು ವಿಮೆ ನಾವೇ ಕಟ್ಟಬೇಕು. ಆದರೂ ಹೊಣೆ ದಾಟುವುದು ಹಡಗು ಹತ್ತಿದಾಗಲೇ. ಬಾಡಿಗೆ ಕಟ್ಟಿದವರದೇ ಹೊಣೆ ಎಂದುಕೊಂಡು ಕೊಳ್ಳುವವರು ಎಷ್ಟೋ ಸಲ ಎಡವುವುದು ಇಲ್ಲೇ. ನಮ್ಮಂಥ ಸಣ್ಣ ಸಂಘಕ್ಕೆ ಎಫ್‌ಒಬಿಯೇ ಸರಿ ಎಂದಳು.

ಅತ್ತಿಗೆಯ ಸಂಕಟ ಬೇರೆಯೇ ಇತ್ತು.

"ಹಡಗು ಹತ್ತಿಸಿ ಕೈ ತೊಳ್ಕೊಂಡ್ರೆ, ನಮ್ಮ ಹಗ್ಗ ಜಗ್ಗಿ ತೋರಿಸೋರು ಯಾರು?"

"ಹಡಗನ್ನೇ ಕಟ್ಟಿ ನಿಲ್ಲಿಸೋ ಹಗ್ಗ ನಿಮ್ಮದು ಅಕ್ಕಾ. ಹತ್ತಿಸೋಕೆ ಮುಂಚೆ ಅವರ ಕಡೆಯವರೇ ಬಂದು ಬಂದರಲ್ಲಿ ಜಗ್ಗಿ ನೋಡ್ಲಿ ಅಂತ ಬರೀರಿ."

ಅತ್ತಿಗೆಯ ಬೆನ್ನು ನೆಟ್ಟಗಾಯಿತು. "ಒಬ್ಬರಲ್ಲ, ಹತ್ತು ಜನ ಬಂದು ಜಗ್ಲಿ ಅಂತ ಬರಿ" ಎಂದಳು.

ಹತ್ತು ಜನ ಎಂದೇ ಬರೆದೆ. ಎಫ್‌ಒಬಿ ಎಂದು ಬರೆದು, ಪಕ್ಕದಲ್ಲೇ ನಮ್ಮ ಬಂದರಿನ ಹೆಸರನ್ನೂ ಸೇರಿಸಿದೆ. ಬಂದರಿನ ಹೆಸರಿಲ್ಲದ ಷರತ್ತು ವಿಳಾಸವಿಲ್ಲದ ಕಾಗದದ ಹಾಗೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಮಾರುವವರಿರಲಿ, ಕೊಳ್ಳುವವರಿರಲಿ, ರುಜು ಹಾಕುವ ಮುಂಚೆ ಕೇಳಿ: ಎಲ್ಲಿಯವರೆಗೆ ಖರ್ಚು ಯಾರದು? ಎಲ್ಲಿಯವರೆಗೆ ಹೊಣೆ ಯಾರದು? ಈ ಎರಡು ಒಂದೇ ಅಲ್ಲ. ಕಂಟೇನರಿನಲ್ಲಿ ಹೋಗುವ ಸರಕಿಗೆ ಹೊಂದುವ ಷರತ್ತುಗಳು ಬೇರೆ ಇವೆ, ಬಲ್ಲವರನ್ನು ಕೇಳಿಕೊಳ್ಳಿ. ಈ ವಯಸ್ಸಿನಲ್ಲಿ ನಾನು ಕಲಿತೆ. ನಿಮಗೇನು ಕಷ್ಟ?

ಅಂಚೆ ಡಬ್ಬಿಯ ಹತ್ತಿರ ಅತ್ತಿಗೆ ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಎರಡು ತುದಿ ಹಿಡಿದು, ಹಗ್ಗ ಜಗ್ಗುವ ಹಾಗೆ ಮೆಲ್ಲಗೆ ಒಮ್ಮೆ ಜಗ್ಗಿ ನೋಡಿ, ಒಳಗೆ ಹಾಕಿದಳು.