ಗೆದ್ದ ಮೇಲೆ ಅನ್ನ

ಜಪಾನಿನ ಮನುಷ್ಯರೊಬ್ಬರು ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಬಿಡಾರ ಮಾಡಿದ್ದರು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು. ಮೊರಿತಾ ಎಂದು ಹೆಸರು. ರೇಷ್ಮೆ ಹುಳು ಸಾಕುವ ಹೊಸ ಕ್ರಮವನ್ನು ರೈತರಿಗೆ ಹೇಳಿಕೊಡಲು ಬಂದವರು. ಕಚೇರಿ ಚಾಮರಾಜನಗರದಲ್ಲಿ, ಓಡಾಟವೆಲ್ಲ ಬೇಗೂರು, ಭೀಮನಬೀಡಿನ ಕಡೆ. ಹಾಗಾಗಿ ನಮ್ಮ ಹಿತ್ತಿಲ ಕೋಣೆಯಲ್ಲಿ ಉಳಿದುಕೊಂಡರು. ನಮ್ಮ ಯಜಮಾನರು, ಊರಿಗೆಲ್ಲ ದೊಡ್ಡಮಲ್ಲಪ್ಪನವರು, ಬೆಲ್ಲದ ವ್ಯಾಪಾರಿ. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದ ಆಸಾಮಿಯಲ್ಲ. ಮೊರಿತಾ ಅವರಿಗೆ ಮುದ್ದೆ ನುಂಗುವುದನ್ನು ಪಕ್ಕದಲ್ಲಿ ಕೂತು ಕಲಿಸಿದವರೂ ಅವರೇ.

ಮೊರಿತಾ ಅವರ ಹೆಂಡತಿ ಫುಕುವೋಕ ಎಂಬ ತಮ್ಮೂರಿನ ಆಸ್ಪತ್ರೆಯಲ್ಲಿ ಎದೆ ಕಾಯಿಲೆಯಿಂದ ಮಲಗಿದ್ದಳು. ಇವರು ಹೊರಟಾಗ ಚೇತರಿಸಿಕೊಳ್ಳುತ್ತಿದ್ದಳಂತೆ. ದೀಪಾವಳಿ ಕಳೆದ ಮೇಲೆ ಹೋಗಿ ನೋಡಿಕೊಂಡು ಬರುತ್ತೇನೆ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ, ಇವರಿಗೆ ಆಕೆ, ಆಕೆಗೆ ಇವರು.

ಐವತ್ತೆಂಟನೇ ಇಸವಿಯ ಅಕ್ಟೋಬರಿನಲ್ಲಿ ಅವರ ದೇಶದಲ್ಲಿ ಬೇಸ್‌ಬಾಲ್ ಎಂಬ ಆಟದ ದೊಡ್ಡ ಪಂದ್ಯ ನಡೆಯಿತು. ಒಂದು ಕಡೆ ರಾಜಧಾನಿಯ ತಂಡ, ಇನ್ನೊಂದು ಕಡೆ ಇವರೂರಿನ ಲಯನ್ಸ್. ಏಳು ಆಟದಲ್ಲಿ ಯಾರು ಮೊದಲು ನಾಲ್ಕು ಗೆಲ್ಲುತ್ತಾರೋ ಅವರದೇ ವರ್ಷ. ಅಲ್ಲಿ ಮಧ್ಯಾಹ್ನವಾದರೆ ನಮಗಿನ್ನೂ ಬೆಳಗಿನ ಹೊತ್ತು. ನಮ್ಮ ಬ್ಯಾಟರಿ ರೇಡಿಯೋದ ಕಿವಿ ತಿರುಗಿಸುತ್ತಾ ಮೊರಿತಾ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವರು. ಕರಕರ ಸದ್ದಿನ ನಡುವೆ ಯಾರೋ ಅರಚುವುದು ನನಗೆ ಕೇಳುತ್ತಿತ್ತು, ಒಂದಕ್ಷರ ತಿಳಿಯುತ್ತಿರಲಿಲ್ಲ. ಹೆಂಡತಿಯೂ ಆಸ್ಪತ್ರೆಯ ಮಂಚದಲ್ಲಿ ಅದನ್ನೇ ಕೇಳುತ್ತಿರುತ್ತಾಳೆ ಎಂದು ಅವರೇ ಹೇಳಿದರು. ತಂಡ ಗೆದ್ದರೆ ತಾನೂ ಎದ್ದು ಕೂರುತ್ತೇನೆ ಎಂದಿದ್ದಳಂತೆ.

ಲಯನ್ಸ್ ಮೊದಲ ಮೂರು ಆಟವನ್ನೂ ಸೋತಿತು. ಇನ್ನೊಂದು ಸೋತರೆ ಮುಗಿಯಿತು. ಅವತ್ತು ತಟ್ಟೆ ಮುಂದಿಟ್ಟರೆ ಮೊರಿತಾ ಪಕ್ಕಕ್ಕೆ ಸರಿಸಿದರು.

"ಅಮ್ಮ, ಈಗ ಅನ್ನ ಬೇಡ. ಆಟ ಎಲ್ಲಾ ಮುಗಿದ ಮೇಲೆ ಅನ್ನ. ನೀವು ಸೋಮವಾರ ಮಾಡುತ್ತೀರಲ್ಲ, ಹಾಗೆ."

"ಆಟಕ್ಕೆಲ್ಲಾ ಯಾರಾದ್ರೂ ಅರಕೆ ಕಟ್ಕತಾರಾ ಸ್ವಾಮಿ?" ಎಂದು ನಾನು ನಕ್ಕೆ.

"ಆಟಕ್ಕೆ ಅಲ್ಲ" ಎಂದರು. ಆಮೇಲೆ ನಾನು ನಗಲಿಲ್ಲ.

ಬಾಳೆಹಣ್ಣು, ಹಾಲು, ಕಾಫಿ, ಇಷ್ಟರಲ್ಲೇ ದಿನ ದೂಡಿದರು. ನಾಲ್ಕನೆಯದನ್ನು ಲಯನ್ಸ್ ಗೆದ್ದಿತು. ಐದನೆಯದನ್ನೂ ಗೆದ್ದಿತು. ಆರನೆಯದು ಸೋಮವಾರ. ಅದನ್ನೂ ಗೆದ್ದು ಸಮ ಮಾಡಿಕೊಂಡಾಗ ಮೊರಿತಾ ಮಗುವಿನ ಹಾಗೆ ಹಿತ್ತಿಲೆಲ್ಲ ಓಡಾಡಿದರು. ಮುಖ ಬಾಡಿ ಹೋಗಿತ್ತು, ಕಣ್ಣಲ್ಲಿ ಮಾತ್ರ ಜೀವ ಇತ್ತು. ನಾಳೆ ಒಂದೇ ಆಟ ಬಾಕಿ.

ಆ ಸಂಜೆ ಚಾಮರಾಜನಗರದ ಬಸ್ಸಿನಲ್ಲಿ ಕಚೇರಿಯ ಜವಾನ ಚಿಕ್ಕಬಸವಯ್ಯ ಬಂದ. ಬಂದದ್ದು ಯಾಕೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಜಗಲಿಯಲ್ಲಿ ನಡೆದ ಮಾತನ್ನು ಆಮೇಲೆ ಅವನೇ ನನ್ನ ಮುಂದೆ ಒಪ್ಪಿಸಿದ. ಸಾಹೇಬರ ಹೆಂಡತಿಗೆ ರಕ್ತ ವಾಂತಿಯಾಗಿದೆ, ಉಳಿಯುವ ಭರವಸೆಯಿಲ್ಲ, ಗಂಡನನ್ನು ಕೇಳುತ್ತಿದ್ದಾಳೆ ಎಂದು ಕಚೇರಿಗೆ ಫೋನು ಬಂದಿತ್ತು. ಹೊರಗೆ ಹೋಗಿದ್ದ ಕಚೇರಿಯ ಜೀಪು ಹಿಂದೆಯೇ ಬರುತ್ತಿತ್ತು. ರಾತ್ರಿಯೇ ಮೈಸೂರಿಗೆ ಹೋಗಿ ರೈಲು ಹಿಡಿದರೆ ಬೊಂಬಾಯಿಯ ವಿಮಾನ ಸಿಗುತ್ತಿತ್ತು.

ಯಜಮಾನರು ಅವನ ರಟ್ಟೆ ಹಿಡಿದು ಕೂರಿಸಿದರಂತೆ.

"ಆ ಮನ್ಸ ಅನ್ನ ಮುಟ್ಟಿ ವಾರಾಯ್ತು ಕಣ್ಲಾ. ಅಸ್ದ ಒಟ್ಟೇಲಿರೋನ್ಗೆ ಇಂಥ ಸುದ್ದಿ ಏಳ್ಬಾರ್ದು. ನಮ್ಮಪ್ಪ ತೀರ್ಕೊಂಡಾಗ ನಂಗೂ ಉಣ್ಣಿಸ್ಬುಟ್ಟೇ ಏಳಿದ್ದು."

"ಜೀಪು ಬತ್ತಾ ಅದೆ ಯಜಮಾನ್ರೇ."

"ಜೀಪು ನಾಳೇನೂ ಇರ್ತದೆ. ನಾಳೆ ಮದ್ಯಾನಕ್ಕೆ ಆಟ ಮುಗೀತದೆ. ಗೆದ್ರೂ ಉಣ್ತಾರೆ, ಸೋತ್ರೂ ಉಣ್ತಾರೆ. ಉಂಡ್ಮೇಲೆ ನಾನೇ ಏಳ್ತೀನಿ, ನೀ ಬಾಯ್ಮುಚ್ಕೊಂಡಿರು."

ಜೀಪನ್ನು ಬಸ್ ನಿಲ್ದಾಣದ ಹತ್ತಿರವೇ ನಿಲ್ಲಿಸಿದರು. ಚಿಕ್ಕಬಸವಯ್ಯ ನಮ್ಮ ಜಗಲಿಯಲ್ಲೇ ಮಲಗಿದ. ಒಳಗೆ ಮೊರಿತಾ ಶೀಟಿ ಹೊಡೆಯುತ್ತಾ ಅಂಗಿ ಒಗೆದುಕೊಂಡರು.

ಮಂಗಳವಾರ ಆಯುಧಪೂಜೆ. ಯಜಮಾನರು ತಕ್ಕಡಿ, ಗಾಡಿಯ ಜೊತೆ ರೇಡಿಯೋಕ್ಕೂ ವಿಭೂತಿ ಬಳಿದು ಚೆಂಡುಹೂ ಇಟ್ಟರು. ಏಳನೆಯ ಆಟವನ್ನೂ ಲಯನ್ಸ್ ಗೆದ್ದಿತು. ಮೊರಿತಾ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಎಂಥ ಗಂಡಸಾದರೂ ಅಳಲಿ ಬಿಡು ಎಂದು ನಾನು ಎಲೆ ಹಾಕಿದೆ. ಒಬ್ಬಟ್ಟು, ಅನ್ನ, ಸಾರು. ಬೇಡ ಬೇಡ ಎನ್ನುತ್ತಲೇ ಉಂಡರು. "ಅವಳೂ ಕೇಳಿರುತ್ತಾಳೆ. ಈಗ ಎದ್ದು ಕೂತಿರುತ್ತಾಳೆ" ಎಂದರು. ಯಜಮಾನರು ಮಾತ್ರ ತಲೆ ಎತ್ತದೆ ತುಪ್ಪ ಬಡಿಸುತ್ತಿದ್ದರು. ಹಬ್ಬದ ದಿನ ಇವರಿಗೇನು ಬಂತು ಎಂದುಕೊಂಡೆ.

ಕೈಗೆ ನೀರು ಹಾಕುತ್ತಾ ಯಜಮಾನರು ಹೇಳಿದರು.

ಮೊರಿತಾ ಒದ್ದೆ ಕೈಯನ್ನು ಹಾಗೇ ಹಿಡಿದುಕೊಂಡು ನಿಂತರು. "ಸುದ್ದಿ ಯಾವಾಗ ಬಂತು?"

"ನೆನ್ನೆ ಸಂಜೆ."

"ನೆನ್ನೆ ಯಾಕೆ ಹೇಳಲಿಲ್ಲ?"

"ಅಸ್ಕೊಂಡಿದ್ರಿ ಸ್ವಾಮಿ."

"ನಾನು ಹಸಿದಿದ್ದು ಅವಳಿಗೋಸ್ಕರ" ಎಂದರು ಮೊರಿತಾ. ದನಿ ಏರಿಸಲಿಲ್ಲ. ಏರಿಸಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಬಾವಿಯ ಹಿಂದಕ್ಕೆ ಹೋಗಿ ಉಂಡದ್ದನ್ನೆಲ್ಲ ಕಾರಿಕೊಂಡರು. ನಾನು ಚೊಂಬು ಹಿಡಿದು ಹೋದರೆ ಮುಖ ತೊಳೆದುಕೊಂಡು, ನನಗೆ ಬಗ್ಗಿ ನಮಸ್ಕಾರ ಮಾಡಿದರು. ಯಜಮಾನರಿಗೂ ಬಗ್ಗಿದರು. ಜೀಪು ಹೊರಟಿತು.

ಹಬ್ಬ ಕಳೆದು ಚಿಕ್ಕಬಸವಯ್ಯ ಅವರ ಪೆಟ್ಟಿಗೆ ಒಯ್ಯಲು ಬಂದ. ಆ ರೈಲು ತಪ್ಪಿದ್ದಕ್ಕೆ ಆ ವಿಮಾನವೂ ತಪ್ಪಿತ್ತು. ಮೊರಿತಾ ಬೊಂಬಾಯಿಯಲ್ಲಿ ಮುಂದಿನ ವಿಮಾನಕ್ಕೆ ಕಾದು ಕೂತಿದ್ದಾಗ ಆಕೆ ಪ್ರಾಣ ಬಿಟ್ಟಿದ್ದಳು. ಸೋಮವಾರವೇ ಹೊರಟಿದ್ದರೆ ಮುಖ ಸಿಗುತ್ತಿತ್ತಂತೆ. ಕೊನೆಯವರೆಗೂ ಅವಳಿಗೆ ಎಚ್ಚರ ಇತ್ತು, ಹೊರಟರೋ ಇಲ್ಲವೋ ಎಂದು ಕೇಳುತ್ತಲೇ ಇದ್ದಳು ಎಂದ.

ಯಜಮಾನರು ಕಂಬಕ್ಕೆ ಒರಗಿ ಕೂತರು. ಆಮೇಲೆ ಚಿಕ್ಕಬಸವಯ್ಯನನ್ನು ಮೆಲ್ಲಗೆ ಕೇಳಿದರು:

"ಬೊಂಬಾಯಲ್ಲಿ ಅವ್ರಿಗೆ ಆ ಸುದ್ದಿ ಏಳ್ದೋರು, ಒಂದ್ ತುತ್ತು ಉಣ್ಣಿಸ್ಬುಟ್ಟು ಏಳಿದ್ರಾ?"

ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಅನ್ನ ಆಗಿತ್ತು. ಮದುವೆಯಾದಂದಿನಿಂದ ಮೊದಲ ಸಲ, ಅವತ್ತು ನಾನು ಅವರನ್ನು ಊಟಕ್ಕೆ ಕರೆಯಲಿಲ್ಲ. ಅವರೂ ಕೇಳಲಿಲ್ಲ.