ಬೆನ್ನು ಮುರಿಯದ ಮೂರು ಸಂಪುಟ

ನನಗೆ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನವೇ ನಮ್ಮ ಬೀದಿಯವರಿಗೆಲ್ಲ ಓದಿನ ಹುಚ್ಚು ಹತ್ತಿತು. ಅಲ್ಲಿಯವರೆಗೆ ಔಷಧಿ ಡಬ್ಬಿಯ ಮೇಲಿನ ತಾರೀಕನ್ನೂ ಓದದವರು ಅಂದಿನಿಂದ ನನ್ನನ್ನು ತಡೆದು ನಿಲ್ಲಿಸಿ ಪುಸ್ತಕ ಸೂಚಿಸತೊಡಗಿದರು. ತರಗತಿ ಶುರುವಾಗಲು ಆರು ವಾರ ಬಾಕಿ ಇತ್ತು. ಅಷ್ಟು ದಿನ ನಾನು ಸುಮ್ಮನೆ ಕೂತರೆ ಬಂದ ಸೀಟು ಹಳಸಿಹೋಗುತ್ತದೆ ಎಂಬ ಕಳವಳ ಎಲ್ಲರಿಗೂ.

ಇಸ್ತ್ರಿ ಅಂಗಡಿಯವನು ಪತ್ತೇದಾರಿ ಕಾದಂಬರಿ ಓದು ಎಂದ. ಕೊಲೆ ಮಾಡುವುದು ಹೇಗೆಂದೇ ಗೊತ್ತಿಲ್ಲದವಳು ಕೊಲೆಗಾರನನ್ನು ಬಿಡಿಸುವುದು ಹೇಗೆ ಎಂದು ಅವನ ವಾದ. ಅಮ್ಮ ನಿಘಂಟನ್ನು ಮೊದಲ ಪುಟದಿಂದ ಓದು, ಎಲ್ಲ ಪುಸ್ತಕವೂ ಅದರಲ್ಲೇ ಇರುತ್ತದೆ ಎಂದಳು. ಎಲ್ಲರನ್ನೂ ಮೀರಿಸಿದವರು ದೊಡ್ಡಪ್ಪ. ಅವರು ಯಾವಾಗಲೋ ಒಂದು ಸೈಕಲ್ ಕಳವಿನ ಕೇಸಿನಲ್ಲಿ ಕಟಕಟೆ ಹತ್ತಿ, "ನನಗೇನೂ ಗೊತ್ತಿಲ್ಲ ಸ್ವಾಮಿ" ಎಂಬ ಒಂದೇ ಮಾತು ಹೇಳಿ ಇಳಿದು ಬಂದಿದ್ದರು. ಅಂದಿನಿಂದ ಅವರು ಸಾಕ್ಷಿ ದೊಡ್ಡಪ್ಪ. ಕಾನೂನಿನ ವಿಷಯದಲ್ಲಿ ಮನೆಗೆಲ್ಲ ಅವರದೇ ಕೊನೆಯ ಮಾತು. ಅವರು ಇಪ್ಪತ್ತೇಳು ಪುಸ್ತಕಗಳ ಪಟ್ಟಿ ಬರೆದುಕೊಟ್ಟರು. ಅದರಲ್ಲಿ ಒಂದನ್ನೂ ಅವರು ಓದಿರಲಿಲ್ಲ, ಹಾಗಾಗಿ ಒಂದರ ಮೇಲೂ ಅವರಿಗೆ ತಕರಾರು ಇರಲಿಲ್ಲ.

ಬಾಯಿ ಬಿಡದೆ ಇದ್ದವರು ಅಪ್ಪ ಒಬ್ಬರೇ. ಅಪ್ಪ ಬೈಂಡರ್. ನ್ಯಾಯಾಲಯದ ಎದುರು ಬೀದಿಯಲ್ಲಿ ಒಂದೂವರೆ ಕೋಣೆಯ ಅಂಗಡಿ, ಒಂದು ಕಬ್ಬಿಣದ ಪ್ರೆಸ್ಸು, ಕಾಗದ ಕತ್ತರಿಸುವ ಯಂತ್ರ, ಮೈದಾ ಅಂಟಿನ ಬಕೆಟ್ಟು. ಮೂವತ್ತು ವರ್ಷದಿಂದ ಊರಿನ ವಕೀಲರ ಪುಸ್ತಕಗಳಿಗೆಲ್ಲ ಅವರೇ ವೈದ್ಯರು. ಓದಿದ ಪುಸ್ತಕದ ಬೆನ್ನು ಮುರಿದು ಬರುತ್ತದೆ, ಓದದ್ದು ದೂಳು ಹಿಡಿದು ಬರುತ್ತದೆ ಎನ್ನುತ್ತಿದ್ದರು. ಯಾರ ಪುಸ್ತಕ ಯಾವುದು ಎಂದು ಮಾತ್ರ ಹೆಂಡತಿಗೂ ಹೇಳಿದವರಲ್ಲ. ಗಿರಾಕಿಯ ಗುಟ್ಟು ಗಿರಾಕಿಯದು ಎಂಬುದು ಅವರ ಒಂದೇ ನಿಯಮ.

ಸೀಟಿನ ಹಿಂದೆಯೇ ಇನ್ನೊಂದು ಕಾಗದವೂ ಬಂತು. ಅಂಗಡಿ ಒಂದು ತಿಂಗಳೊಳಗೆ ಖಾಲಿ ಮಾಡಿ ಎಂಬ ನೋಟಿಸು. ಕಟ್ಟಡದ ಹಳೆಯ ಯಜಮಾನರು ತೀರಿಕೊಂಡಿದ್ದರು. ಮಗನಿಗೆ ಅಲ್ಲಿ ಗಾಜಿನ ಬಾಗಿಲಿನ ಮೊಬೈಲ್ ಅಂಗಡಿ ಬೇಕಾಗಿತ್ತು. ಹಾಗೆ ನೋಡಿದರೆ ನಾವು ಹೆದರಬೇಕಾದ್ದೇ ಇಲ್ಲ. ಹನ್ನೊಂದು ವರ್ಷದ ಹಿಂದೆ ಯಜಮಾನರೇ ಸ್ವಂತ ಕೈಯಿಂದ, ತಮ್ಮ ಮಾಮೂಲಿ ಹಸಿರು ಶಾಯಿಯಲ್ಲಿ, ಇಪ್ಪತ್ತೈದು ವರ್ಷಕ್ಕೆ ಕರಾರು ಬರೆದು, ಇಬ್ಬರ ಸಾಕ್ಷಿ ಹಾಕಿಸಿ ಕೊಟ್ಟಿದ್ದರು. ತಮ್ಮ ಪ್ರತಿಯನ್ನು ಅವರು ಎಲ್ಲಿಟ್ಟಿದ್ದರೋ ಮಗನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ನಮ್ಮ ಪ್ರತಿಯ ಬಗ್ಗೆ ಮಾತ್ರ ಅಪ್ಪ ಹನ್ನೊಂದು ವರ್ಷದಿಂದಲೂ ಒಂದೇ ಮಾತು ಹೇಳುತ್ತಿದ್ದರು: ಭದ್ರವಾಗಿದೆ. ಎಷ್ಟು ಭದ್ರವೆಂದರೆ ಅವರಿಗೂ ಸಿಗದಷ್ಟು.

ಪ್ರೆಸ್ಸಿನ ಅಡಿ, ರಟ್ಟಿನ ಕಟ್ಟು, ಬಟ್ಟೆಯ ಕಪಾಟು ಎಲ್ಲ ತಡಕಾಡಿದೆವು. ಮಣಗಟ್ಟಲೆ ಕಾಗದ ತುಂಬಿದ ಅಂಗಡಿಯಲ್ಲಿ ಬೇಕಾದ ಒಂದು ಹಾಳೆ ಇಲ್ಲ. ಅಂಗಡಿ ಹೋದರೆ ಅಪ್ಪ ಐವತ್ತೆಂಟನೇ ವಯಸ್ಸಿನಲ್ಲಿ ಇನ್ನೊಬ್ಬರ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡಬೇಕು, ನಾನು ಕಾಲೇಜಿನ ಆಸೆ ಬಿಟ್ಟು ಎಲ್ಲಾದರೂ ಗುಮಾಸ್ತೆ ಕೆಲಸ ಹುಡುಕಬೇಕು. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಸಾಕ್ಷಿ ದೊಡ್ಡಪ್ಪ ದಿನಾ ಬಂದು, ಎಷ್ಟು ಪುಸ್ತಕ ಆಯಿತು ಎಂದು ನನ್ನನ್ನೇ ವಿಚಾರಿಸುತ್ತಿದ್ದರು.

ನೋಟಿಸು ಕಳಿಸಿದವರು ಲೈಬ್ರರಿ ವಕೀಲರು. ಅವರ ಕಚೇರಿಯ ನಾಲ್ಕೂ ಗೋಡೆಗೆ ನೆಲದಿಂದ ಸೂರಿನವರೆಗೆ ಪುಸ್ತಕ. ಅದನ್ನು ನೋಡಿಯೇ ಎದುರು ಕಕ್ಷಿಯವರು ಅರ್ಧ ಸೋಲುತ್ತಿದ್ದರು. ನೋಟಿಸು ಬರುವ ಎರಡು ದಿನ ಮೊದಲು ಅಮ್ಮ ನನ್ನನ್ನು ಅವರ ಬಳಿ ಓದಿನ ಬಗ್ಗೆ ಸಲಹೆ ಕೇಳಲು ಕಳಿಸಿದ್ದಳು. ಅವರು ಕನ್ನಡಕ ಒರೆಸಿಕೊಂಡು, ನ್ಯಾಯದ ಮೂಲತತ್ತ್ವಗಳ ಮೇಲಿನ ಮೂರು ಸಂಪುಟಗಳಲ್ಲಿ ಮೊದಲನೆಯದನ್ನು ಇಳಿಸಿ ನನ್ನ ಕೈಗಿಟ್ಟರು. ಕೆಂಪು ಚರ್ಮದ ಬೆನ್ನು, ಚಿನ್ನದ ಅಕ್ಷರ, ಅಪ್ಪನದೇ ಕೈಕೆಲಸ.

"ಇದನ್ನ ನಾನು ಹತ್ತು ಸಲ ಓದಿದೀನಮ್ಮ," ಎಂದರು. "ಪ್ರತಿ ಸಲ ಓದಿದಾಗಲೂ ಒಳಗೆ ಏನಾದ್ರೂ ಹೊಸದು ಸಿಗುತ್ತೆ."

ಎರಡು ದಿನಕ್ಕೆ ಅವರದೇ ಸಹಿಯ ನೋಟಿಸು ಬಂತು. ಆಶೀರ್ವಾದದ ಖಾತೆ ಬೇರೆ, ಕೇಸಿನ ಖಾತೆ ಬೇರೆ. ದೊಡ್ಡವರು ಎರಡನ್ನೂ ಬೆರೆಸುವುದಿಲ್ಲ. ನಾನು ಸಿಟ್ಟಿನಿಂದ ಆ ಸಂಪುಟವನ್ನು ಅಂಗಡಿಯ ಕಿಟಕಿ ಬಡಿಯದ ಹಾಗೆ ಒತ್ತಿಡಲು ಬಳಸಿದೆ. ಆ ಕೆಲಸವನ್ನು ಅದು ಬಹಳ ಚೆನ್ನಾಗಿ ಮಾಡಿತು.

ಗಡುವಿಗೆ ಮೂರು ದಿನ ಇದ್ದಾಗ, ಹುಡುಕಿ ಹುಡುಕಿ ಬೇಸತ್ತ ಒಂದು ಮಧ್ಯಾಹ್ನ, ಕರಾರಿನ ಬಗ್ಗೆ ಇದರಲ್ಲಾದರೂ ಏನಾದರೂ ಇದೆಯೇನೋ ಎಂದು ಅದನ್ನು ತೆಗೆದು ನಡುಮಧ್ಯಕ್ಕೆ ಬಿಡಿಸಿದೆ. ಪುಸ್ತಕ ಲಟಕ್ಕೆಂದಿತು. ಗಟ್ಟಿ ಬೈಂಡಿನ ಪುಸ್ತಕವನ್ನು ಹಾಗೆ ಅಗಲವಾಗಿ ತೆರೆದರೆ ಚರ್ಮದ ಬೆನ್ನು ಹೊರಕ್ಕೆ ಬಾಗಿ, ಅದಕ್ಕೂ ಒಳಗಿನ ಹೊಲಿಗೆಗೂ ನಡುವೆ ಕೊಳವೆಯಂಥ ಸಂದು ಬೀಳುತ್ತದೆ. ಹೊಲಿಗೆ ಕಿತ್ತಿತೋ ಎಂಬ ಹೆದರಿಕೆಗೆ ಫೋನಿನ ಬೆಳಕು ಹಾಕಿ ಆ ಸಂದಿನಲ್ಲಿ ಇಣುಕಿದೆ. ಒಳಗೆ ಅಂಟಿಸಿದ್ದ ಪಟ್ಟಿಯ ಮೇಲೆ ಹಸಿರು ಶಾಯಿ ಕಂಡಿತು. ಕೊಕ್ಕೆಕೊಕ್ಕೆಯ ಕೈಬರಹ, ಪ್ರತಿ ಸಾಲಿನ ಮೊದಲ ಎರಡು ಮೂರು ಪದ ಮಾತ್ರ.

ಅಪ್ಪನನ್ನು ಕೂಗಿದೆ. ಅವರು ಅಂಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು ಇಣುಕಿದರು. ಮುಖ ಬಿಳಿಚಿಕೊಂಡಿತು, ಆಮೇಲೆ ನಿಧಾನಕ್ಕೆ ಕೆಂಪಾಯಿತು. ಬೆನ್ನಿಗೆ ಒಳಗಿನಿಂದ ರದ್ದಿ ಕಾಗದದ ಪಟ್ಟಿ ಅಂಟಿಸುವುದು ಬೈಂಡರುಗಳ ಪದ್ಧತಿ. ಅಪ್ಪ ಕಾಗದವನ್ನು ಓದುವವರಲ್ಲ, ಬೆರಳಲ್ಲಿ ಮುಟ್ಟಿ ನೋಡುವವರು. ಯಜಮಾನರು ಕರಾರಿಗೆಂದು ಒಳ್ಳೆಯ ಗಟ್ಟಿ ಕಾಗದ ತಂದಿದ್ದರು. ಅದು ಹೇಗೋ ರದ್ದಿಯ ಅಟ್ಟಿಗೆ ಸೇರಿತ್ತು. ದೊಡ್ಡ ಗಿರಾಕಿಯ ಪುಸ್ತಕ, ಒಳ್ಳೆಯ ಕಾಗದವೇ ಇರಲಿ ಎಂದು ಅಪ್ಪ ಅದನ್ನು ಉದ್ದಕ್ಕೆ ಮೂರು ಪಟ್ಟಿ ಕತ್ತರಿಸಿ, ಮೂರು ಸಂಪುಟದ ಬೆನ್ನಿಗೂ ಪ್ರೀತಿಯಿಂದ ಅಂಟಿಸಿದ್ದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಅಂತಾರಲ್ಲ, ಹಾಗಾಯಿತು ನಮ್ಮ ಕತೆ. ನಾವಂತೂ ಆ ಬೆಣ್ಣೆಯನ್ನು ಎದುರು ವಕೀಲರ ಕಪಾಟಿನಲ್ಲೇ ಇಟ್ಟಿದ್ದೆವು.

ಸಾಕ್ಷಿ ದೊಡ್ಡಪ್ಪನಿಗೆ ತಕ್ಷಣ ಕಾನೂನು ಹೊಳೆಯಿತು. ಓದಿ ಮುಗಿಸಿದೆ ಎಂದು ಹೇಳಿ ಎರಡನೆಯದು, ಮೂರನೆಯದು ಇಸಿದುಕೊಂಡು ಬಾ, ಪಟ್ಟಿ ಕಿತ್ತು, ಬೇರೆ ಅಂಟಿಸಿ ವಾಪಸ್ ಕೊಟ್ಟರೆ ಯಾರಿಗೆ ಗೊತ್ತಾಗುತ್ತೆ ಎಂದರು. ನನಗೂ ಅದೇ ಸರಿ ಅನ್ನಿಸಿತು. ಅಮ್ಮ ಆಗಲೇ ಚಾಕು ಹುಡುಕುತ್ತಿದ್ದಳು.

"ನನಗೆ ಗೊತ್ತಾಗುತ್ತಲ್ಲ," ಎಂದರು ಅಪ್ಪ. "ಗಿರಾಕಿ ಹೇಳದೆ ಗಿರಾಕಿ ಪುಸ್ತಕ ಬಿಚ್ಚೋದಿಲ್ಲ. ಅಂಗಡಿ ಹೋದ್ರೆ ಹೋಗ್ಲಿ."

ನನಗೆ ಅಳು ಬಂತು, ಅಪ್ಪನ ಮೇಲೆ ಕೋಪವೂ ಬಂತು. ಆದರೆ ಅವರು ಆಗಲೇ ಅಂಗಿ ಬದಲಿಸಿ, ಸಂಪುಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ನಾನೂ ಹಿಂದೆ ಓಡಿದೆ.

ಲೈಬ್ರರಿ ವಕೀಲರ ಕಚೇರಿಯ ಹೊರಗಿನ ಬೆಂಚಿನ ಮೇಲೆ ಐದಾರು ಕಕ್ಷಿದಾರರು ಕೂತಿದ್ದರು. ಒಳಗಿನ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಗೋಡೆಯ ಪುಸ್ತಕಗಳು ಹೊರಗಿನವರಿಗೆ ಕಾಣಬೇಕಲ್ಲ. ಅಪ್ಪ ನಡೆದದ್ದನ್ನೆಲ್ಲ ನೇರವಾಗಿ ಹೇಳಿ, ಮೂರು ಸಂಪುಟ ಬಿಚ್ಚಲು ಅಪ್ಪಣೆ ಕೇಳಿದರು. ವಕೀಲರು ಸಂದಿನಲ್ಲಿ ಇಣುಕಿ ನೋಡಿದರು. ಆಮೇಲೆ ಕುರ್ಚಿಗೆ ಒರಗಿದರು. ಪುಸ್ತಕ ತಮ್ಮದು, ಅದರ ಒಳಗಿರುವುದೂ ತಮ್ಮದು, ತಮ್ಮ ಕಕ್ಷಿದಾರರ ಹಿತವನ್ನೂ ನೋಡಬೇಕಲ್ಲ ಎಂದು ಬಹಳ ಸಿಹಿಯಾಗಿ ವಿವರಿಸಿದರು. ಅಷ್ಟು ಸಿಹಿಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಎಷ್ಟಾದರೂ ಹಳೇ ಕಾಗದ, ಇಷ್ಟು ವರ್ಷ ಓದಿ ಓದಿ ಒಳಗೆ ಸವೆದು ಹರಿದೇ ಹೋಗಿರುತ್ತೆ ಎಂದೂ ಸೇರಿಸಿದರು.

ಈ ಕೊನೆಯ ಮಾತು ಅಪ್ಪನ ಕಸುಬಿಗೇ ತಗುಲಿತು. ಅವರು ಸಂಪುಟವನ್ನು ಬೆಳಕಿಗೆ ಹಿಡಿದು, ಬೇಸರದಿಂದ, ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಅವರ ದನಿ ಮೊದಲೇ ದೊಡ್ಡದು. ಮೂವತ್ತು ವರ್ಷ ಯಂತ್ರದ ಪಕ್ಕ ನಿಂತವರು.

"ಇಲ್ಲ ಸರ್, ಏನೂ ಆಗಿಲ್ಲ. ಒಂದ್ಸಲ ಓದಿದ್ರೂ ಈ ಪಟ್ಟಿ ಮೇಲೆ ಗೀರು ಬೀಳುತ್ತೆ. ಇಲ್ಲಿ ಇರೋದು ಒಂದೇ ಗೀರು, ಅದು ಇವತ್ತು ಇವಳು ತೆರೆದಾಗ ಬಿದ್ದಿದ್ದು. ನಾನು ಹ್ಯಾಗೆ ಕೊಟ್ಟಿದ್ನೋ ಹಾಗೇ ಇದೆ. ಬೇಕಾದ್ರೆ ಯಾವ ಜಡ್ಜ್ ಮುಂದೆ ಬೇಕಾದ್ರೂ ಹೇಳ್ತೀನಿ. ಉಳಿದ ಎರಡನ್ನೂ ತೆಗೀರಿ, ತೋರಿಸ್ತೀನಿ."

ಹೊರಗಿನ ಬೆಂಚಿನವರು ಕತ್ತು ಚಾಚಿ ಒಳಗೆ ಇಣುಕಿದರು. ಅಪ್ಪನಿಗೆ ತಾನೇನು ಹೇಳಿದೆನೆಂಬುದು ಆಗಲೂ ತಿಳಿದಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಗಿರಾಕಿಯ ಗುಟ್ಟು ಅವರ ಬಾಯಿಂದ ಜಾರಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವಕೀಲರು ನಾಲ್ಕೂ ಗೋಡೆಯನ್ನು ಒಮ್ಮೆ ನೋಡಿದರು.

"ಬಾಗಿಲು ಹಾಕಮ್ಮ," ಎಂದರು ನನಗೆ.

ಹಾಕಿದೆ. ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಕಪಾಟಿನಿಂದ ಉಳಿದ ಎರಡೂ ಸಂಪುಟ ಇಳಿದವು. ಅಪ್ಪ ಒದ್ದೆ ಬಟ್ಟೆ ಇಟ್ಟು, ಮೈದಾ ಅಂಟು ನೆನೆದ ಮೇಲೆ, ಮೂರೂ ಪಟ್ಟಿಗಳನ್ನು ಗಾಯದ ಪಟ್ಟಿ ಬಿಚ್ಚಿದಂತೆ ಮೆಲ್ಲಗೆ ಎಬ್ಬಿಸಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಸಹಿ ಮೂರನೆಯದರಲ್ಲಿತ್ತು, ಸಾಕ್ಷಿಗಳೂ ಇದ್ದರು. ವಕೀಲರು ಎರಡು ಸಲ ಓದಿದರು. ಆ ಸಂಪುಟಗಳಲ್ಲಿ ಅವರು ಓದಿದ ಮೊದಲ ಪುಟ ಅದೇ ಇರಬೇಕು. ಆಮೇಲೆ ಯಜಮಾನರ ಮಗನಿಗೆ ಫೋನ್ ಮಾಡಿ, ಕಾಗದ ಇದೆ, ಇನ್ನೂ ಹದಿನಾಲ್ಕು ವರ್ಷ ಆ ಅಂಗಡಿಯ ಕಡೆ ತಲೆ ಹಾಕಬೇಡಿ ಎಂದು ಹೇಳಿದರು. ಅಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತರು. ನಾನು ಅವರ ಭುಜ ಹಿಡಿದುಕೊಂಡೆ.

ಹೊರಡುವಾಗ ವಕೀಲರು ಅಪ್ಪನನ್ನು ತಡೆದರು. ಬೆನ್ನು ಹೊಸದಾಗಿ ಕಟ್ಟುವಾಗ ಹಾಗೇ ಸ್ವಲ್ಪ, ಓದಿದ ಹಾಗೆ ಕಾಣುವಂತೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಅಪ್ಪನ ಮೂವತ್ತು ವರ್ಷದ ಕಸುಬಿನಲ್ಲಿ ಇಂಥ ಕೆಲಸ ಬಂದಿರಲಿಲ್ಲ.

"ಎಷ್ಟು ಸಲ ಓದಿದ ಹಾಗೆ ಸರ್?" ಎಂದರು ಅಪ್ಪ, ಅಳತೆ ಕೇಳುವ ದನಿಯಲ್ಲಿ.

ವಕೀಲರು ಕಿಟಕಿಯ ಕಡೆ ನೋಡುತ್ತ, "ಹತ್ತು," ಎಂದರು.

ಅಂಗಡಿಗೆ ಬಂದು ಹೊಸ ಬೆನ್ನು ಕಟ್ಟಿದ ಮೇಲೆ ಅಪ್ಪ ಮೂರೂ ಸಂಪುಟಗಳನ್ನು ನನ್ನ ಮುಂದಿಟ್ಟರು. ಬಗ್ಗಿಸಿ ಮುರಿದರೆ ಅದು ಮುರಿದ ಹಾಗೆ ಕಾಣುತ್ತದೆಯೇ ಹೊರತು ಓದಿದ ಹಾಗಲ್ಲ. ಒಪ್ಪಿಕೊಂಡ ಕೆಲಸ, ಮೋಸ ಮಾಡಬಾರದು, ಓದಿಯೇ ಮಾಡಬೇಕು ಎಂದರು. ಹತ್ತು ಸಲ ಆಗದಿದ್ದರೆ ಚಿಂತೆಯಿಲ್ಲ, ಒಂದು ಸಲ ಸರಿಯಾಗಿ ಓದು, ಮಿಕ್ಕ ಒಂಬತ್ತನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಕಾಲೇಜಿಗೆ ಹತ್ತು ದಿನ ಇತ್ತು, ಎರಡು ಸಾವಿರ ಪುಟ.

ಇಪ್ಪತ್ತೇಳು ಪುಸ್ತಕದ ಪಟ್ಟಿಯನ್ನು ಗುರುತಿನ ಚೀಟಿ ಮಾಡಿಕೊಂಡು, ಪ್ರೆಸ್ಸಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಅಂಟಿನ ವಾಸನೆಯಲ್ಲಿ ಓದಿದೆ. ಕಾಲೇಜಿನ ಹಿಂದಿನ ದಿನ ಮೂರನ್ನೂ ಒಯ್ದು ಕೊಟ್ಟೆ. ವಕೀಲರು ಬೆಂಚಿನವರ ಎದುರೇ ಒಂದನ್ನು ತೆರೆದು, ಬೆನ್ನಿನ ಸವೆತದ ಮೇಲೆ ಬೆರಳಾಡಿಸಿ, ನೋಡಿ, ಓದು ಅಂದರೆ ಹೀಗಿರಬೇಕು ಎಂದರು. ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ. ಗಿರಾಕಿಯ ಗುಟ್ಟು ಗಿರಾಕಿಯದು.

ಅಂಗಡಿಗೆ ವಾಪಸ್ ಬಂದಾಗ ಅಪ್ಪ ಪ್ರೆಸ್ಸು ತಿರುಗಿಸುತ್ತಿದ್ದರು. ಮೂರು ಪಟ್ಟಿ ಜೋಡಿಸಿದ ಕರಾರು ಎಲ್ಲಿ ಎಂದು ಕೇಳಿದೆ.

"ಭದ್ರವಾಗಿದೆ," ಎಂದರು.

ಬ್ಯಾಗು ಕೆಳಗಿಟ್ಟು, ಅಂದು ಹೊಲಿದಿಟ್ಟಿದ್ದ ಪುಸ್ತಕಗಳ ಬೆನ್ನನ್ನೆಲ್ಲ ಒಂದೊಂದಾಗಿ ತೆರೆದು ಇಣುಕತೊಡಗಿದೆ.