ನನ್ನ ಮಗಳು ಎಂದರೆ ಯಾರು?

ಕಾಗದದಂಗಡಿಯವರು ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ, ಅವರ ಅಂಗಡಿಯ ಷಟರಿಗೆ ಮೂರು ಬೀಗ ಬಿದ್ದವು. ಮೂರು ಜನ ಮಕ್ಕಳು, ಮೂರು ಬೀಗ. ಒಬ್ಬ ತೆಗೆಯಬೇಕೆಂದರೆ ಉಳಿದಿಬ್ಬರೂ ಬರಬೇಕು. ಮೂವರೂ ಒಟ್ಟಿಗೆ ಬರುವುದೆಂದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ. ಎದುರು ಸಾಲಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು ದಿನಕ್ಕೆ ಹತ್ತು ಸಲವಾದರೂ ತಲೆಯೆತ್ತಿ ಆ ಬೀಗಗಳನ್ನು ನೋಡುತ್ತಿದ್ದರು.

ಬೈಂಡರಿಗೆ ಎಪ್ಪತ್ತು ದಾಟಿತ್ತು. ಮೇಲೆ ಮನೆ, ಕೆಳಗೆ ಎರಡು ಕೋಣೆಗಳಲ್ಲಿ ಕೆಲಸ. ಹೆಂಡತಿ ಹೋಗಿ ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳು; ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. ಗುಬ್ಬಿಗೆ ಈಗ ನಲವತ್ತು ವರ್ಷ, ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಾಳೆ, ತೋಳು ಗಂಡಸರ ತೋಳಿನಷ್ಟು ಗಟ್ಟಿ. ಆದರೂ ಹೆಸರು ಮಾತ್ರ ಗುಬ್ಬಿಯೇ.

ಒಂದು ಬೆಳಿಗ್ಗೆ ಬೈಂಡರು ಅಂಟಿನ ಡಬ್ಬಿ ಪಕ್ಕಕ್ಕೆ ಸರಿಸಿ, ಇದ್ದುದರಲ್ಲೇ ಒಳ್ಳೆಯ ದಪ್ಪ ಹಾಳೆಯೊಂದನ್ನು ಆರಿಸಿ, ಉಯಿಲು ಬರೆಯಲು ಕೂತರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಹನ್ನೊಂದು ಗಂಟೆಗೆ ಮುಗಿಯಿತು. ನಾಲ್ಕು ಅಂಚೂ ಕತ್ತರಿಸಿ ನೇರ ಮಾಡಿದರು.

"ಸಾಕ್ಷಿ ಅಂತ ಇಲ್ಲೊಂದು ಸಹಿ ಹಾಕಮ್ಮ," ಎಂದರು ಸೂಜಿಯಮ್ಮನಿಗೆ.

ಸೂಜಿಯಮ್ಮ ಎಂದರೆ ಇಪ್ಪತ್ತಾರು ವರ್ಷದಿಂದ ಅವರಲ್ಲಿ ಪುಸ್ತಕ ಹೊಲಿಯುವವಳು. ಮಡಿಸಿದ ಹಾಳೆಗಳ ಕಂತೆಗಳನ್ನು ದಾರದಲ್ಲಿ ಒಂದಕ್ಕೊಂದು ಕೂಡಿಸುವುದು ಅವಳ ಕೆಲಸ. ಮಾತು ಕಡಿಮೆ, ಆಡಿದರೆ ಸೂಜಿಯ ಮೊನೆಯೇ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹಾಳೆ ತೆಗೆದುಕೊಂಡಳು.

"ಓದದೆ ಸಹಿ ಹಾಕಲ್ಲ ನಾನು."

"ಓದು, ಯಾರು ಬೇಡ ಅಂದ್ರು?"

ಅವಳು ಓದಿದಳು. ಮನೆ ನನ್ನ ಮಗಳಿಗೆ. ಕೆಳಗಿನ ಎರಡು ಕೋಣೆ, ಯಂತ್ರ, ಸಾಮಾನು ಸೂಜಿಯಮ್ಮ ಕೈಲಾಗುವವರೆಗೆ ಇಟ್ಟುಕೊಂಡು ಕೆಲಸ ಮಾಡಿಕೊಂಡಿರಲಿ, ಆಮೇಲೆ ಅದೂ ನನ್ನ ಮಗಳಿಗೆ. ಅಷ್ಟೇ.

"ಯಜಮಾನ್ರೇ, ಇದನ್ನ ಒಬ್ಬ ವಕೀಲರಿಗೆ ತೋರಿಸಿ."

"ಯಾಕೆ? ಏನು ತಪ್ಪಿದೆ?"

"ತಪ್ಪು ಒಪ್ಪು ನನಗೇನು ಗೊತ್ತು. ಅದಕ್ಕೇ ತೋರಿಸಿ ಅಂದಿದ್ದು."

"ನಲವತ್ತೆಂಟು ವರ್ಷದಿಂದ ಈ ಊರಿನ ವಕೀಲರ ಪುಸ್ತಕಕ್ಕೆಲ್ಲ ರಟ್ಟು ಕಟ್ಟಿದೋನು ನಾನು. ಕಾನೂನಿನ ಬೆನ್ನು ನಾನು ನೋಡಿದಷ್ಟು ಯಾವ ಜಡ್ಜೂ ನೋಡಿಲ್ಲ."

"ಬೆನ್ನು ನೋಡಿದ್ದೀರಿ. ಹೊಟ್ಟೆ ನೋಡಿಲ್ಲ," ಎಂದು ಸೂಜಿಯಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು ಮತ್ತೆ ಹೊಲಿಗೆಗೆ ಕೂತಳು. ಸಹಿ ಹಾಕಲಿಲ್ಲ.

ಬೈಂಡರು ಎರಡು ದಿನ ಮುನಿಸಿಕೊಂಡರು. ಒಂದು ಹಾಳೆ ಬರೆಯಲು ಯಾರಿಗೋ ಫೀಸು ಕೊಡುವುದೆಂದರೆ ತನ್ನ ಊಟ ತಾನು ಮಾಡಲು ಆಳು ಇಟ್ಟುಕೊಂಡ ಹಾಗೆ ಎಂದು ಗೊಣಗಿದರು. ಮೂರನೇ ದಿನ ಲಾಯರಮ್ಮನ ಆಫೀಸಿಗೆ ಕಟ್ಟಿ ಮುಗಿಸಿದ ಐದು ಪುಸ್ತಕ ತಲುಪಿಸುವುದಿತ್ತು. ಹೋಗುವುದು ಹೇಗೂ ಹೋಗುತ್ತೇನೆ, ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತದೆ ಎಂದು ಆ ಹಾಳೆಯನ್ನೂ ಚೀಲಕ್ಕೆ ಸೇರಿಸಿದರು.

ಲಾಯರಮ್ಮನಿಗೆ ಐವತ್ತರ ಆಸುಪಾಸು. ಎರಡನೇ ಮಹಡಿಯಲ್ಲಿ ಆಫೀಸು, ಕಿಟಕಿಯ ಹತ್ತಿರ ಫೈಲುಗಳ ಗುಡ್ಡ. ಅವರು ಹಾಳೆಯನ್ನು ಒಮ್ಮೆ ಓದಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು.

"ಅಕ್ಷರ ಚೆನ್ನಾಗಿದೆ."

"ವಿಷಯ?"

"ವಿಷಯ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ. ಕೈಲಾಗುವವರೆಗೆ ಅಂದ್ರೆ ಎಲ್ಲಿವರೆಗೆ? ಕೈಲಾಗಲ್ಲ ಅಂತ ತೀರ್ಮಾನ ಮಾಡೋರು ಯಾರು? ಇನ್ನು ಸಾಕ್ಷಿ. ಯಾರಿಗೆ ಕೊಡ್ತೀರೋ ಅವರ ಕೈಲೇ ಸಹಿ ಹಾಕಿಸಿದ್ರೆ ನಾಳೆ ತಕರಾರಿಗೆ ನೀವೇ ಬಾಗಿಲು ತೆಗೆದಿಟ್ಟ ಹಾಗೆ. ಸದ್ಯ, ಅವರು ಹಾಕಿಲ್ಲ." ಲಾಯರಮ್ಮ ಪೆನ್ಸಿಲಿನಿಂದ ಒಂದು ಕಡೆ ಸಣ್ಣ ಗೆರೆ ಎಳೆದರು. "ನನ್ನ ಮಗಳು ಅಂತ ಬರೆದಿದ್ದೀರಲ್ಲ, ಯಾರು?"

"ಯಾರು ಅಂದ್ರೆ? ಗುಬ್ಬಿ. ನೀವೂ ನೋಡಿದ್ದೀರಿ."

"ನಾನು ನೋಡಿದ್ದೀನಿ. ಕೋರ್ಟು ನೋಡಿಲ್ಲ. ನಿಮ್ಮ ಸ್ವಂತ ಮಗಳೇ?"

 ಗುಬ್ಬಿ ಬೈಂಡರ ಹೆಂಡತಿಯ ಮೊದಲ ಮದುವೆಯ ಮಗಳು. ಅವರು ಮದುವೆಯಾದಾಗ ಹುಡುಗಿಗೆ ಆರು ವರ್ಷ. ಮದುವೆಯ ದಿನ ಅವರ ತಮ್ಮ ಎಲ್ಲರೆದುರು, "ಅಣ್ಣ ಕಟ್ಟಿಕೊಂಡದ್ದು ಒಬ್ಬಳನ್ನ, ಮನೆಗೆ ಬಂದದ್ದು ಇಬ್ಬರು," ಎಂದು ನಕ್ಕಿದ್ದ. ಆವತ್ತಿನಿಂದ ಅಣ್ಣತಮ್ಮಂದಿರ ನಡುವೆ ಸಾವು ನೋವಿಗೆ ಮಾತ್ರ ಮಾತು. ಇದನ್ನೆಲ್ಲ ಬೈಂಡರು ತಡವರಿಸುತ್ತ ಹೇಳಿದರು.

"ದತ್ತು ತಗೊಂಡ ಕಾಗದ ಇದೆಯಾ?"

"ಮಗಳನ್ನ ಯಾರಾದ್ರೂ ದತ್ತು ತಗೋತಾರಾ?"

"ಹಾಗಾದ್ರೆ ಕೇಳಿ. ಈ ಹಾಳೆ ಬಿದ್ದುಹೋಯ್ತು ಅಂದ್ರೆ ಅವಳಿಗೆ ಏನೂ ಬರಲ್ಲ. ಕಾಗದದ ಲೆಕ್ಕದಲ್ಲಿ ಅವಳು ನಿಮಗೆ ಏನೂ ಅಲ್ಲ. ಎಲ್ಲಾ ನಿಮ್ಮ ತಮ್ಮನಿಗೆ."

ಬೈಂಡರು ಹಾಳೆ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಎದ್ದರು. ಐದು ಪುಸ್ತಕದ ಮಜೂರಿ ಕೇಳುವುದನ್ನೂ ಮರೆತು ಮೆಟ್ಟಿಲಿಳಿದರು. ಒಬ್ಬ ಮನುಷ್ಯನಿಗೆ ಮಗಳು ಯಾರು ಎಂದು ಎರಡನೇ ಮಹಡಿಯಲ್ಲಿ ಕೂತವರು ಹೇಳಬೇಕೇ? ದಾರಿಯುದ್ದಕ್ಕೂ ಇದನ್ನೇ ಬೇರೆ ಬೇರೆ ರೀತಿಯಲ್ಲಿ ತಮಗೆ ತಾವೇ ಹೇಳಿಕೊಂಡರು. ಒಂದು ಸಲವೂ ಸಮಾಧಾನವಾಗಲಿಲ್ಲ.

ಭಾನುವಾರ ಮಧ್ಯಾಹ್ನ ಗುಬ್ಬಿ ಬಂದಳು. ಬಂದವಳು ಸುಮ್ಮನೆ ಕೂರುವ ಪೈಕಿಯಲ್ಲ. ಕಾಗದ ಕತ್ತರಿಸುವ ಯಂತ್ರ ಕಿರ್ ಎನ್ನುತ್ತಿದ್ದುದನ್ನು ಕೇಳಿ, ತೋಳು ಮಡಿಸಿಕೊಂಡು, ಅದರ ಹಿಡಿ ಬಿಚ್ಚಿ ಎಣ್ಣೆ ಹಾಕಲು ಶುರು ಮಾಡಿದಳು. ಬೈಂಡರು ಸ್ಟೂಲಿನ ಮೇಲೆ ಕೂತು ಖಾಲಿ ರಟ್ಟಿನ ತುಂಡನ್ನು ತಿರುಗಿಸುತ್ತಿದ್ದರು.

"ಏನಪ್ಪ, ಬಾಯಿಗೆ ಅಂಟು ಹಾಕ್ಕೊಂಡಿದ್ದೀರಾ?"

"ಏನಿಲ್ಲ."

"ಏನಿಲ್ಲ ಅನ್ನೋ ಮುಖ ಅಲ್ಲ ಇದು."

ಬೈಂಡರು ಹೇಳಿಬಿಟ್ಟರು. ಉಯಿಲು, ಸೂಜಿಯಮ್ಮ, ಲಾಯರಮ್ಮ ಎಲ್ಲ. ಕೊನೆಗೆ ನೆಲ ನೋಡುತ್ತ, "ಕಾಗದದ ಲೆಕ್ಕದಲ್ಲಿ ನೀನು ನನಗೆ ಏನೂ ಅಲ್ಲವಂತೆ," ಎಂದರು.

ಗುಬ್ಬಿ ಬೋಲ್ಟು ಒರೆಸುತ್ತಲೇ ಇದ್ದಳು. "ಹೌದಲ್ಲ," ಎಂದಳು.

"ಹೌದಲ್ಲ ಅಂದ್ರೆ?"

"ನನಗೆ ಒಂಬತ್ತು ವರ್ಷ ಇದ್ದಾಗಿಂದ ಗೊತ್ತಪ್ಪ. ಸ್ಕೂಲಲ್ಲಿ ಒಂದು ಫಾರಂ ಕೊಟ್ಟಿದ್ರು. ತಂದೆ ಹೆಸರು ಅನ್ನೋ ಕಡೆ ನಿಮ್ಮ ಹೆಸರು ಬರೆದೆ. ಆಫೀಸಿನವರು ಕೆಂಪು ಶಾಯೀಲಿ ಹೊಡೆದುಹಾಕಿ, ಬೇರೆ ಹೆಸರು ಬರಿ ಅಂದ್ರು. ಅತ್ಕೊಂಡು ಮನೆಗೆ ಬಂದೆ. ಅಮ್ಮ, 'ಅಪ್ಪನಿಗೆ ಹೇಳಬೇಡ, ನೊಂದ್ಕೋತಾರೆ' ಅಂದ್ರು."

ಬೈಂಡರ ಕೈಯಲ್ಲಿನ ರಟ್ಟು ನಿಂತಿತು.

"ಆಮೇಲೆ ಎಷ್ಟು ಫಾರಂ ಬಂದ್ವು! ಪರೀಕ್ಷೆದು, ಕೆಲಸದ್ದು, ಮದುವೆದು. ಎಲ್ಲಾದ್ರಲ್ಲೂ ಆ ಬೇರೆ ಹೆಸರೇ. ಪಾಪ, ಆ ಮನುಷ್ಯನ ಮುಖ ಕೂಡ ನೆನಪಿಲ್ಲ ನನಗೆ. ಅಮ್ಮ ಬರೀತಿದ್ರು, ಅಮ್ಮನೇ ಸಹಿ ಹಾಕ್ತಿದ್ರು. ನಿಮ್ಮ ಹತ್ರ ಒಂದೂ ಬರದ ಹಾಗೆ ನೋಡ್ಕೊಂಡ್ವಿ."

ಇಷ್ಟು ವರ್ಷ ತಾಯಿ ಮಗಳು ಸೇರಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ತಾನು ಕೆಳಗೆ ಜಗತ್ತಿನ ಪುಸ್ತಕಕ್ಕೆಲ್ಲ ರಟ್ಟು ಕಟ್ಟುತ್ತಿದ್ದಾಗ ಮೇಲೆ ಊಟದ ಮೇಜಿನ ಮೇಲೆ ಫಾರಂ ತುಂಬುತ್ತಿದ್ದರು, ತನ್ನ ಹೆಜ್ಜೆ ಸದ್ದು ಕೇಳಿದೊಡನೆ ಎತ್ತಿಡುತ್ತಿದ್ದರು. ತಾನು ಹೆಂಡತಿ ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದರು ಬೈಂಡರು; ತನ್ನನ್ನು ಕಾದದ್ದು ಅವರಿಬ್ಬರು. ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಕಣ್ಣು ಮಾತ್ರ ತುಂಬಿತು. ಗುಬ್ಬಿ ಅದನ್ನು ನೋಡಿಯೂ ನೋಡದವಳಂತೆ ಬೋಲ್ಟು ತಿರುಗಿಸಿದಳು.

"ಈಗ ಏನು ಮಾಡಲಿ ಹೇಳು," ಎಂದರು ಬೈಂಡರು ಕಣ್ಣೊರೆಸಿಕೊಂಡು.

"ಮನೆ ಕೊಡೋದು ಬಿಡೋದು ನಿಮ್ಮಿಷ್ಟ. ಕೊಡೋದಾದ್ರೆ ಲಾಯರಮ್ಮನ ಕೈಲಿ ಬರೆಸಿ. ಲಿಫ್ಟಿನ ತೂಕ ತಡೆಯೋಕೆ ಒಂದು ಹಗ್ಗ ಸಾಕು. ನಾವು ಐದು ಹಾಕ್ತೀವಿ. ಯಾಕೆ ಹೇಳಿ?"

"ಯಾಕೆ?"

"ಒಳಗೆ ಮನುಷ್ಯರು ಇರ್ತಾರೆ ಅಂತ. ಜನರನ್ನ ಮೇಲೆ ಕಳಿಸೋದಷ್ಟೇ ಅಲ್ಲಪ್ಪ, ವಾಪಸು ಕೆಳಗೆ ಇಳಿಸೋದೂ ನನ್ನ ಕೆಲಸವೇ." ಬೈಂಡರಿಗೆ ನಗು ಬಂತು.

ಮರುದಿನ ಬೆಳಿಗ್ಗೆ ಅವರು ಸೂಜಿಯಮ್ಮನ ಎದುರು ಕೂತರು. ಕೈಲಾಗುವವರೆಗೆ ಎಂದರೆ ಎಲ್ಲಿವರೆಗೆ ಎಂದು ಲಾಯರಮ್ಮ ಕೇಳಿದ್ದಕ್ಕೆ ಉತ್ತರ ಬೇಕಲ್ಲ.

"ನಾನು ಹೋದಮೇಲೆ ಈ ಕೆಲಸ ಎಷ್ಟು ವರ್ಷ ನಡೆಸ್ತೀಯಮ್ಮ? ಹತ್ತು ಅಂತ ಹಾಕಿಸಲಾ?"

ಸೂಜಿಯಮ್ಮ ದಾರ ಕಚ್ಚಿ ತುಂಡರಿಸಿದಳು. "ನಿಜ ಹೇಳಲಾ? ಬೇಜಾರು ಮಾಡ್ಕೋಬಾರದು."

"ಹೇಳು."

"ನನಗೆ ಸಾಕಾಗಿದೆ. ಬೆರಳು ಮರಗಟ್ಟುತ್ತೆ. ಇನ್ನೆರಡು ವರ್ಷ ನೋಡಿ ನಮ್ಮಕ್ಕನ ಹತ್ರ ಹೋಗಿಬಿಡೋಣ ಅಂತಿದ್ದೆ. ನಿಮಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ಬೈಂಡರಿಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಎದುರುಬದುರು ಕೂತವಳಿಗೆ ಏನು ಬೇಕೆಂದು ಕೇಳದೆಯೇ ಅವಳ ಪಾಲು ಬರೆದಿಟ್ಟಿದ್ದರು! "ಹಾಗಾದ್ರೆ ನಿನಗೆ ಏನು ಕೊಡಲಿ?"

"ಉಯಿಲಲ್ಲಿ ಏನೂ ಬೇಡ. ನೀವು ಇರುವಾಗಲೇ ಕೂರೋಕೆ ಬೆನ್ನಿರೋ ಕುರ್ಚಿ ಒಂದು ಕೊಡಿಸಿ. ಈ ಸ್ಟೂಲು ನನ್ನ ಸೊಂಟ ತಿಂದುಹಾಕಿದೆ."

ಕುರ್ಚಿ ಆ ವಾರವೇ ಬಂತು.

ಲಾಯರಮ್ಮನ ಹತ್ತಿರ ಎರಡನೇ ಸಲ ಹೋದಾಗ ಬೈಂಡರು ಸಂಕೋಚದಿಂದಲೇ, "ಫೀಸಿನ ಬದಲು ನಿಮ್ಮ ಹಳೇ ಪುಸ್ತಕಕ್ಕೆಲ್ಲ ಹೊಸ ರಟ್ಟು ಹಾಕಿಕೊಡ್ತೀನಿ," ಎಂದರು.

"ಬೇಡ. ಫೀಸು ಕೊಡಿ, ರಸೀದಿ ತಗೊಳ್ಳಿ. ಸ್ನೇಹಕ್ಕೆ ಬರೆದುಕೊಟ್ಟರು ಅಂತ ನಾಳೆ ಯಾರೂ ಅನ್ನಬಾರದು. ಆವತ್ತು ಬಿಟ್ಟು ಹೋದ ನಿಮ್ಮ ಮಜೂರಿ ಇಲ್ಲಿದೆ."

ಕರಡು ಸಿದ್ಧವಾದಾಗ ಬೈಂಡರು ಅದನ್ನು ಬೆರಳಿಟ್ಟು ಓದಿದರು. ಗುಬ್ಬಿಯ ಪೂರ್ತಿ ಹೆಸರು, ಹುಟ್ಟಿದ ತಾರೀಖು, ತಾಯಿಯ ಹೆಸರು. ಆಮೇಲೆ 'ನಾನು ಆರನೇ ವಯಸ್ಸಿನಿಂದ ಸಾಕಿದವಳು' ಎಂದಿತ್ತು.

"ಸಾಕಿದವಳು ಬೇಡ. ಸಾಕೋದು ಬೆಕ್ಕನ್ನ."

ಲಾಯರಮ್ಮ ಸ್ವಲ್ಪ ಯೋಚಿಸಿದರು. "ಗುರುತು ಸಿಗೋ ವಿವರ ಯಾವುದನ್ನೂ ತೆಗೆಯಲ್ಲ. ಆದ್ರೆ ಅದರ ಜಾಗಕ್ಕೆ, 'ಆರನೇ ವಯಸ್ಸಿನಿಂದ ನನ್ನ ಮಗಳಾಗಿರುವವಳು' ಅಂತ ಹಾಕಬಹುದು."

"ಹಾಕಿ."

ತಮ್ಮನ ಹೆಸರೂ ಒಂದು ಕಡೆ ಬಂತು: ಅವನಿಗೆ ಏನನ್ನೂ ಬಿಟ್ಟಿಲ್ಲ, ಅದು ಮರೆತದ್ದಲ್ಲ, ತಿಳಿದೇ ಮಾಡಿದ್ದು ಎಂದು. ಹಾಗೆ ಬರೆಯದಿದ್ದರೆ ಮುಂದೆ ಜಗಳಕ್ಕೆ ಎಡೆಯಾಗುತ್ತದೆ ಎಂದು ಲಾಯರಮ್ಮ ತಿಳಿಹೇಳಿದರು. ಬೈಂಡರು ಆ ಸಾಲನ್ನು ಎರಡು ಸಲ ಓದಿ, ಉಸಿರೆಳೆದುಕೊಂಡು ಒಪ್ಪಿದರು. ಆ ಸಂಜೆ ತಮ್ಮನಿಗೆ ತಾವೇ ಫೋನು ಮಾಡಿ ವಿಷಯ ತಿಳಿಸಿದರು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ತಮ್ಮ, "ಸರಿ ಅಣ್ಣ. ಮಂಡಿ ನೋವು ಹೇಗಿದೆ?" ಎಂದ. ಮಂಡಿ ನೋವಿನ ಮೇಲೆ ಇಬ್ಬರೂ ಕಾಲು ಗಂಟೆ ಮಾತಾಡಿದರು.

ಸಹಿಯ ದಿನ ಬೀದಿಯ ಕನ್ನಡಕದಂಗಡಿಯವರು, ಟೈಲರು ಇಬ್ಬರೂ ಸಾಕ್ಷಿಗೆ ಬಂದರು. ಆಸ್ತಿ ಸಿಗುವವಳು ಕೋಣೆಯೊಳಗೆ ಇರುವುದು ಬೇಡ ಎಂದು ಗುಬ್ಬಿಯನ್ನು ಲಾಯರಮ್ಮ ಕೆಳಗೆ ಕಳಿಸಿದ್ದರು. ಅವಳು ಕಟ್ಟಡದ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಬೈಂಡರು ನಿಧಾನವಾಗಿ ಇಳಿದು ಬಂದು ಪಕ್ಕದಲ್ಲಿ ಕೂತರು.

"ಮುಗೀತಾ?"

"ಮುಗೀತು. ನೀನು ಯಾರು ಅಂತ ಬರೆಯೋದಕ್ಕೇ ನಾಲ್ಕು ಸಾಲು ಬೇಕಾಯ್ತು."

"ನಾಲ್ಕೇನಾ?" ಎಂದಳು ಗುಬ್ಬಿ, ಬಿಡಿಸಿದ ಕಾಳುಗಳನ್ನು ಅವರ ಅಂಗೈಗೆ ಸುರಿಯುತ್ತ.

ಬಿಸಿಲು ಹಿತವಾಗಿತ್ತು. ಪೊಟ್ಟಣ ಖಾಲಿಯಾಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದು, ಆಮೇಲೆ ಎದ್ದು ಮನೆ ಕಡೆ ನಡೆದರು.